ಅವ್ವನ ಸೀರೆ, ನನ್ನ ಜಾಕೀಟು

2024ರ ಮಳೆಗಾಲ. ಒಂಬತ್ತರ ಬುಲೆಟಿನ್ ಮುಗಿಸಿ ಮೊಬೈಲ್ ತೆಗೆದರೆ ವೀಕ್ಷಕರೊಬ್ಬರ ಮೆಸೇಜ್. ಅವತ್ತು ನಾನು ಹದಿನೈದು ನಿಮಿಷ ಬೆಳೆ ಪರಿಹಾರದ ಬಗ್ಗೆ ಗಂಟಲು ಹರಿದುಕೊಂಡಿದ್ದೆ. ಅದರ ಬಗ್ಗೆ ಒಂದಕ್ಷರ ಇಲ್ಲ. "ಸಾರ್, ಸೋಮವಾರ ಹಾಕಿದ್ದ ಕೋಟನ್ನೇ ಗುರುವಾರವೂ ಹಾಕಿದ್ದೀರಿ. ಚಾನೆಲ್‌ನವರು ಸಂಬಳ ಕೊಡ್ತಿಲ್ವಾ?" ಇಷ್ಟೇ.

ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಯಾಕಂದ್ರೆ ಆ ಕೋಟು ನನ್ನದೇ ಅಲ್ಲ. ಕಾರ್ಯಕ್ರಮದ ಕೊನೆಗೆ ಪರದೆ ಮೇಲೆ ಸಣ್ಣಕ್ಷರದಲ್ಲಿ 'ವಸ್ತ್ರವಿನ್ಯಾಸ' ಅಂತ ಒಂದು ಹೆಸರು ಓಡಿಹೋಗುತ್ತಲ್ಲ, ಗಮನಿಸಿದ್ದೀರಾ? ಅಂಗಡಿಯವರು ಬಟ್ಟೆ ಕಳಿಸ್ತಾರೆ, ನಾವು ಹಾಕ್ತೀವಿ, ಅವರ ಹೆಸರು ತೋರಿಸ್ತೀವಿ, ಬಟ್ಟೆ ವಾಪಸ್ ಹೋಗುತ್ತೆ. ಒಂದೇ ಬಟ್ಟೆ ವಾರದಲ್ಲಿ ಎರಡು ಸಲ ಕಾಣಬಾರದು ಅನ್ನೋದು ನಮ್ಮಲ್ಲಿ ಬರೆಯದ ನಿಯಮ. ಆ ವಾರ ಏನೋ ಹೆಚ್ಚುಕಮ್ಮಿಯಾಗಿ ತಪ್ಪಿತ್ತು, ಅಷ್ಟೆ. ಅಂದ್ರೆ ದಿನಾ ರಾತ್ರಿ ಸುದ್ದಿ ಹೇಳ್ತಾ ಹೇಳ್ತಾ, ಬಾಯಿ ತೆರೆಯದೆ ನಾನು ಇನ್ನೊಂದು ಮಾತನ್ನೂ ಹೇಳ್ತಿದ್ದೆ. ಒಮ್ಮೆ ಹಾಕಿದ ಬಟ್ಟೆ ಹಳೇದು ಅಂತ. ವೀಕ್ಷಕರು ಅದನ್ನು ಚೆನ್ನಾಗಿಯೇ ಕಲಿತಿದ್ದರು.

ಹಳೇ ಬಟ್ಟೆಯ ವಿಷಯಕ್ಕೇ ಬರೋಣ. ಈಗ ಅದಕ್ಕೊಂದು ಹೊಸ ಹೆಸರು ಬಂದಿದೆ, 'ಅಪ್‌ಸೈಕಲ್ ಫ್ಯಾಶನ್'. ದೊಡ್ಡ ದೊಡ್ಡ ಡಿಸೈನರ್‌ಗಳು ಇದರ ಹಿಂದೆ ಬಿದ್ದಿದ್ದಾರೆ. ಹಾಗಂದ್ರೇನು? ರೀಸೈಕಲ್ ಅಂತಾರಲ್ಲ, ಅದೇನಾ?

ಅಲ್ಲ. ವ್ಯತ್ಯಾಸ ಇದೆ, ದೊಡ್ಡ ವ್ಯತ್ಯಾಸ. 1994ರಲ್ಲಿ ಜರ್ಮನಿಯ ರೈನರ್ ಪಿಲ್ಜ್ ಅನ್ನೋ ಇಂಜಿನಿಯರ್ ಒಬ್ಬರು ಹಳೇ ಕಟ್ಟಡ ಒಡೆಯೋದರ ಬಗ್ಗೆ ಮಾತಾಡ್ತಾ ಒಂದು ತಕರಾರು ತೆಗೆದರು. ಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡಿ ಎಲ್ಲೋ ತುಂಬ್ತೀರಿ, ಅದಕ್ಕೆ ಮರುಬಳಕೆ ಅಂತ ಹೆಸರಿಡ್ತೀರಿ. ಬೆಲೆ ಇಳಿಸೋ ಕೆಲಸ ಇದು. ಹಳೇ ವಸ್ತುವಿನ ಬೆಲೆ ಏರಿಸೋದು ಬೇಕು ಅಂದರು. ಇಳಿಸೋದಕ್ಕೆ ಡೌನ್‌ಸೈಕಲ್, ಏರಿಸೋದಕ್ಕೆ ಅಪ್‌ಸೈಕಲ್.

ಬಟ್ಟೆಗೆ ಇದನ್ನು ಹೊಂದಿಸಿ ನೋಡಿ. ಹರಿಯಾಣದ ಪಾಣಿಪತ್ ಅಂದರೆ ನಮಗೆ ನೆನಪಾಗೋದು ಯುದ್ಧ. ಆದರೆ ಇವತ್ತು ಪಾಣಿಪತ್ ಜಗತ್ತಿನ ಹಳೇ ಬಟ್ಟೆ ಬಂದು ಸೇರುವ ದೊಡ್ಡ ಊರುಗಳಲ್ಲಿ ಒಂದು. ಯುರೋಪು, ಅಮೆರಿಕದವರು ಬಿಸಾಕಿದ ಸ್ವೆಟರು, ಕೋಟುಗಳು ಹಡಗಿನಲ್ಲಿ ಬರುತ್ತವೆ. ಹೆಂಗಸರು ಕೂತು ಗುಂಡಿ, ಜಿಪ್ಪು ಕಿತ್ತು ಬಣ್ಣದ ಪ್ರಕಾರ ಬೇರೆ ಮಾಡ್ತಾರೆ. ಯಂತ್ರ ಅದನ್ನು ಹರಿದು ಎಳೆ ಮಾಡುತ್ತೆ, ಎಳೆಯಿಂದ ನೂಲು, ನೂಲಿನಿಂದ ಅಗ್ಗದ ಕಂಬಳಿ. ನೆರೆ ಬಂದಾಗ ಸಂತ್ರಸ್ತರಿಗೆ ಹಂಚ್ತಾರಲ್ಲ, ಅಂಥ ಕಂಬಳಿ. ಒಳ್ಳೇ ಕೆಲಸವೇ, ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತೆ. ಆದರೆ ಅಲ್ಲಿ ಬಟ್ಟೆ ಕೆಳಗಿಳಿಯುತ್ತೆ.

ಯಾಕೆ ಇಳಿಯುತ್ತೆ ಅಂದ್ರೆ, ಇಲ್ಲಿ ನನ್ನ ಇಂಜಿನಿಯರಿಂಗ್ ಸ್ವಲ್ಪ ಹೊರಗೆ ಬರುತ್ತೆ, ಸಹಿಸಿಕೊಳ್ಳಿ. ಹತ್ತಿಯ ಎಳೆ ಸಾಮಾನ್ಯವಾಗಿ 25ರಿಂದ 30 ಮಿಲಿಮೀಟರ್ ಉದ್ದ ಇರುತ್ತೆ. ಆ ಉದ್ದವೇ ನೂಲಿನ ಶಕ್ತಿ. ಬಟ್ಟೆಯನ್ನು ಯಂತ್ರಕ್ಕೆ ಕೊಟ್ಟು ಹರಿದಾಗ ಎಳೆ ತುಂಡಾಗುತ್ತೆ. ಗಿಡ್ಡ ಎಳೆಯಿಂದ ನಯವಾದ, ಗಟ್ಟಿ ನೂಲು ತೆಗೆಯೋದು ಕಷ್ಟ. ಅದರ ಮೇಲೆ ಈಗಿನ ಬಟ್ಟೆ ಶುದ್ಧ ಹತ್ತಿ ಎಲ್ಲಿದೆ? ಪಾಲಿಸ್ಟರ್ ಬೆರೆತಿರುತ್ತೆ, ಜೀನ್ಸ್ ಹಿಗ್ಗಲಿ ಅಂತ ಇಲಾಸ್ಟಿಕ್ ನೂಲೂ ಸೇರಿರುತ್ತೆ. ಬೇರ್ಪಡಿಸೋದು ಹಾಲಿಗೆ ಬೆರೆಸಿದ ನೀರು ತೆಗೆದ ಹಾಗೆ. ಎಲೆನ್ ಮ್ಯಾಕ್ಆರ್ಥರ್ ಫೌಂಡೇಶನ್ 2017ರ ವರದಿಯಲ್ಲಿ ಕೊಟ್ಟ ಲೆಕ್ಕದಲ್ಲಿ, ಬಟ್ಟೆಗೆ ಬಳಸುವ ವಸ್ತುವಿನಲ್ಲಿ ಮತ್ತೆ ಬಟ್ಟೆಯಾಗೋದು ಶೇಕಡಾ 1ಕ್ಕಿಂತ ಕಡಿಮೆ. ಅಂಗಡಿ ಬಾಗಿಲಲ್ಲಿ 'ಹಳೇ ಬಟ್ಟೆ ಇಲ್ಲಿ ಹಾಕಿ' ಅಂತ ಡಬ್ಬ ಇಟ್ಟಿರ್ತಾರಲ್ಲ, ಅದರೊಳಗೆ ಹಾಕಿದ ನಿಮ್ಮ ಅಂಗಿ ಮತ್ತೆ ಅಂಗಿಯಾಗಿ ಹುಟ್ಟಿಬರುತ್ತೆ ಅಂತ ನಂಬಿಕೊಂಡಿದ್ದರೆ, ಆ ನಂಬಿಕೆ ಸ್ವಲ್ಪ ಸಡಿಲಿಸಿ.

ಅಪ್‌ಸೈಕಲ್‌ನಲ್ಲಿ ಎಳೆ ಹರಿಯೋದೇ ಇಲ್ಲ. ಬಟ್ಟೆಯನ್ನು ಬಟ್ಟೆಯಾಗಿಯೇ ಇಟ್ಟುಕೊಂಡು, ಚೆನ್ನಾಗಿರುವ ಭಾಗ ಕತ್ತರಿಸಿ, ಜೋಡಿಸಿ, ಮೊದಲಿಗಿಂತ ಹೆಚ್ಚು ಬಾಳುವ ಇನ್ನೊಂದು ಮಾಡೋದು. ಅಷ್ಟೇ.

"ಇದನ್ನ ನಮ್ಮಜ್ಜಿ ಮಾಡ್ತಿದ್ಲು" ಅಂತೀರಿ ತಾನೆ? ಗೊತ್ತು. ನಮ್ಮಜ್ಜಿಯೂ ಮಾಡ್ತಿದ್ದಳು.

ನಮ್ಮದು ಗದಗ ಜಿಲ್ಲೆ. ನಮ್ಮ ಕಡೆ ಹಳೇ ಇಳಕಲ್ ಸೀರೆ, ಧೋತರ, ಕುಬಸದ ಖಣದ ತುಂಡು ಎಲ್ಲ ಸೇರಿಸಿ ಪದರ ಪದರವಾಗಿ ಹೊಲೆದ ಹೊದಿಕೆಗೆ ಕೌದಿ ಅಂತಾರೆ. ಕೂಸು ಹುಟ್ಟಿದರೆ ಸಣ್ಣ ಕೌದಿ, ಮದುವೆಯಾದರೆ ದೊಡ್ಡ ಕೌದಿ. ಬೇಸಿಗೆಯಲ್ಲಿ ಹಾಸೋಕೆ, ಚಳಿಗಾಲದಲ್ಲಿ ಹೊದೆಯೋಕೆ. ಓಣಿಯ ನಾಲ್ಕು ಹೆಂಗಸರು ಮಧ್ಯಾಹ್ನ ಉಂಡು ಕಟ್ಟೆ ಮೇಲೆ ಕೂತು, ನಾಲ್ಕೂ ಕಡೆಯಿಂದ ಹೊಲೆಯುತ್ತಾ ಬರ್ತಿದ್ರು. ಊರ ಸುದ್ದಿಯೆಲ್ಲ ಅಲ್ಲೇ ಬಿತ್ತರವಾಗ್ತಿತ್ತು. ನಮ್ಮೂರಿನ ಮೊದಲ ನ್ಯೂಸ್ ಚಾನೆಲ್ ಅದೇ, ಇಪ್ಪತ್ತನಾಲ್ಕು ಗಂಟೆ ಇರಲಿಲ್ಲ ಅಷ್ಟೆ.

ನಾನು ಇಂಜಿನಿಯರಿಂಗ್ ಹಾಸ್ಟೆಲ್‌ಗೆ ಹೊರಟಾಗ ಅವ್ವ ಒಂದು ಕೌದಿ ಮಡಚಿ ಟ್ರಂಕಿನಲ್ಲಿಟ್ಟಳು. ನಾಲ್ಕು ವರ್ಷ ಅದನ್ನು ನಾನು ಟ್ರಂಕಿನಿಂದ ಹೊರಗೆ ತೆಗೆಯಲಿಲ್ಲ. ರೂಮಿನ ಉಳಿದ ಮೂವರ ಹತ್ತಿರ ಅಂಗಡಿಯಿಂದ ತಂದ ಬ್ಲಾಂಕೆಟ್ ಇತ್ತು. ನಾಚಿಕೆ, ಇನ್ನೇನು?

ಈ ನಾಚಿಕೆ ಇದೆಯಲ್ಲ, ಅಪ್‌ಸೈಕಲ್ ಬಟ್ಟೆ ಜನರ ಮೈಮೇಲೆ ಬರೋದಕ್ಕೆ ನಿಜವಾದ ಅಡ್ಡಗಾಲು ಇದೇ. ನಮ್ಮ ಸಮಾಜದಲ್ಲಿ ಹಳೇ ಬಟ್ಟೆ ಯಾವಾಗಲೂ ಮೇಲಿನಿಂದ ಕೆಳಕ್ಕೆ ಹೋಗುತ್ತೆ. ಒಡೆಯನಿಂದ ಆಳಿಗೆ, ಮನೆಯೊಡತಿಯಿಂದ ಕೆಲಸದವಳಿಗೆ. ಇನ್ನೊಬ್ಬರು ಉಟ್ಟ ಬಟ್ಟೆ ಉಟ್ಟೆ ಅಂದರೆ ನೀನು ಅವರಿಗಿಂತ ಕೆಳಗಿನವನು ಅಂತ ಲೆಕ್ಕ. ಅದಕ್ಕೇ ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ಳುವಾಗ ನಮಗೆ ಮುಜುಗರ ಆಗಲ್ಲ, ಅದೇ ಹಳೇ ಸೀರೆಯನ್ನು ಇನ್ನೊಂದು ರೂಪದಲ್ಲಿ ಕೊಳ್ಳುವಾಗ ಆಗುತ್ತೆ. 1999ರಲ್ಲಿ 'ಗೂಂಜ್' ಸಂಸ್ಥೆ ಶುರು ಮಾಡಿದ ಅಂಶು ಗುಪ್ತಾ ಇದನ್ನು ಚೆನ್ನಾಗಿ ಹಿಡಿದರು. ಅವರು ಹಳ್ಳಿಗಳಿಗೆ ಹಳೇ ಬಟ್ಟೆಯನ್ನು ದಾನವಾಗಿ ಕೊಡೋದಿಲ್ಲ. ಹಳ್ಳಿಯವರು ಬಾವಿ ತೋಡ್ತಾರೆ, ರಸ್ತೆ ಸರಿ ಮಾಡ್ತಾರೆ, ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ. ಕೊಟ್ಟದ್ದಲ್ಲ, ಗಳಿಸಿದ್ದು. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಮ್ಮ ಕೌದಿಗೂ ಒಂದು ದೊಡ್ಡ ಕತೆ ಇದೆ, ನಮ್ಮವರಿಗೇ ಹೆಚ್ಚು ಗೊತ್ತಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಸಮುದಾಯ ಇದೆ. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವರ, ಬಹುಪಾಲು ಗುಲಾಮರಾಗಿ ತರಲ್ಪಟ್ಟವರ ವಂಶ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂರೂ ಕಡೆ ಹೆಂಗಸರು ಕೌದಿ ಹೊಲೆಯುತ್ತಾರೆ. ಅವರ ರೀತಿ ಬೇರೆ. ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತಾ ಹಾಕುತ್ತಾ ನಡುವಿಗೆ ಬರ್ತಾರೆ. ಮೊದಲೇ ಬರೆದ ನಕ್ಷೆ ಇಲ್ಲ, ಕೈಗೆ ಸಿಕ್ಕ ತುಂಡು, ಕಣ್ಣಿಗೆ ಒಪ್ಪಿದ ಬಣ್ಣ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಸಣ್ಣ ತ್ರಿಕೋನ ಇಟ್ಟು ಹೊಲೆಯುತ್ತಾರೆ. ಅದಕ್ಕೆ ಅವರು ಹೂವು ಅಂತಲೇ ಕರೆಯೋದು. ಹೂವಿಲ್ಲದಿದ್ದರೆ ಕೌದಿ ಮುಗಿದ ಹಾಗಲ್ಲ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಆಫ್ರಿಕನ್ ಕಲೆಯ ಜಾಡು ಹಿಡಿದು ಇಲ್ಲಿಗೆ ಬಂದರು. ಬಂದವರು ಈ ಕೌದಿ ನೋಡಿ ನಿಂತುಬಿಟ್ಟರು. 2004ರಲ್ಲಿ ಸಿದ್ದಿ ಮಹಿಳೆಯರ ಒಂದು ಕೌದಿ ಸಹಕಾರ ಗುಂಪು ಶುರುವಾಯಿತು. 2011ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವ ಷೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಯೋಚನೆ ಮಾಡಿ. ಯಲ್ಲಾಪುರದ ಹೆಂಗಸರು ಹಳೇ ಸೀರೆಯಲ್ಲಿ ಹೊಲೆದದ್ದನ್ನು ಹಾರ್ಲೆಮ್‌ನವರು ಗೋಡೆಗೆ ಹಾಕಿ ನೋಡಿದರು. ನಾನು ಅದೇ ಜಾತಿಯ ವಸ್ತುವನ್ನು ಹುಬ್ಬಳ್ಳಿಯ ಹಾಸ್ಟೆಲ್‌ನಲ್ಲಿ ಟ್ರಂಕಿನಲ್ಲಿ ಬಚ್ಚಿಟ್ಟಿದ್ದೆ.

ಬಂಗಾಳದ ಕಾಂಥಾ ಕತೆ ಇನ್ನೂ ಮುಂದೆ ಹೋಗಿದೆ, ಆದರೆ ಅದರಲ್ಲೊಂದು ಎಚ್ಚರಿಕೆಯೂ ಇದೆ. ಕಾಂಥಾ ಅಂದರೆ ಮೂಲದಲ್ಲಿ ನಮ್ಮ ಕೌದಿಯ ಅಕ್ಕ. ಹಳೇ ಸೀರೆ ಪದರಗಳು, ಸೀರೆಯ ಅಂಚಿನಿಂದಲೇ ಎಳೆದ ಬಣ್ಣದ ದಾರ. ಈಗ ಕಾಂಥಾ ಸೀರೆ, ಕಾಂಥಾ ಜಾಕೆಟ್ ಎಲ್ಲಾ ಮಾಲ್‌ನಲ್ಲೂ ಸಿಗುತ್ತೆ. ಆದರೆ ಬಹಳಷ್ಟು ಕಾಂಥಾ ಈಗ ಹೊಸ ರೇಷ್ಮೆ, ಹೊಸ ಹತ್ತಿಯ ಮೇಲೆ ಆಗುತ್ತಿದೆ. ಹೊಲಿಗೆ ಗೆದ್ದಿತು, ಹಳೇ ಸೀರೆ ಸೋತಿತು. ಬೇಡಿಕೆ ಹೆಚ್ಚಿದಾಗ ಹೀಗಾಗುತ್ತೆ, ಯಾಕಂದ್ರೆ ಹಳೇ ಬಟ್ಟೆಯ ಜೊತೆ ಕೆಲಸ ಮಾಡೋದು ದುಬಾರಿ.

ಹಳೇದು ದುಬಾರಿಯಾ? ಹೌದು. ಇದು ಎಲ್ಲರೂ ಕೇಳುವ ಪ್ರಶ್ನೆ, "ಚಿಂದಿಯಿಂದ ಮಾಡಿದ್ದಕ್ಕೆ ಮೂರು ಸಾವಿರ ಯಾಕ್ರೀ?" ಗಾರ್ಮೆಂಟ್ಸ್‌ನ ಕಟಿಂಗ್ ವಿಭಾಗ ನೋಡಿದರೆ ಉತ್ತರ ಸಿಗುತ್ತೆ. ಅಲ್ಲಿ ಉದ್ದ ಮೇಜಿನ ಮೇಲೆ ಹೊಸ ಬಟ್ಟೆಯನ್ನು ನೂರು ಪದರ ಹಾಸಿ, ಮೇಲೆ ನಕ್ಷೆಯ ಕಾಗದ ಇಟ್ಟು, ಯಂತ್ರದ ಕತ್ತಿಯಿಂದ ಒಂದೇ ಏಟಿಗೆ ಕತ್ತರಿಸ್ತಾರೆ. ನೂರು ಅಂಗಿಯ ನೂರು ತೋಳು ನಿಮಿಷಗಳಲ್ಲಿ ರೆಡಿ. ಅಂದಹಾಗೆ, ಹಾಗೆ ಕತ್ತರಿಸುವಾಗ ಸಾಮಾನ್ಯವಾಗಿ ಶೇಕಡಾ 10ರಿಂದ 15ರಷ್ಟು ಬಟ್ಟೆ ತುಂಡಾಗಿ ನೆಲಕ್ಕೆ ಬೀಳುತ್ತೆ. ಯಾರೂ ಒಮ್ಮೆಯೂ ಹಾಕಿಕೊಳ್ಳದೆ ಕಸವಾಗುವ ಬಟ್ಟೆ ಅದು. ಅದಿರಲಿ. ಹಳೇ ಸೀರೆಗೆ ಈ ಆಟ ನಡೆಯಲ್ಲ. ಒಂದು ಸೀರೆಯ ಹಾಗೆ ಇನ್ನೊಂದಿಲ್ಲ. ತೊಳೀಬೇಕು, ಬಿಸಿಲಿಗೆ ಹಿಡಿದು ಎಲ್ಲಿ ಸವೆದಿದೆ ನೋಡಬೇಕು, ಕಲೆ ಬಿಟ್ಟು ಕತ್ತರಿಸಬೇಕು, ಬಣ್ಣ ಹೊಂದಿಸಬೇಕು. ಪ್ರತಿ ತುಂಡಿಗೂ ಒಬ್ಬರ ಕಣ್ಣು ಬೇಕು, ಒಬ್ಬರ ಬುದ್ಧಿ ಬೇಕು. ಬಟ್ಟೆ ಅಗ್ಗ, ಆ ಕಣ್ಣು ಅಗ್ಗ ಅಲ್ಲ.

ಹಾಗಾದರೆ ಒಬ್ಬರೇ ಮಾಡೋಕಾಗಲ್ಲ. ಗೆದ್ದ ಕಡೆಯೆಲ್ಲ ಕೆಲಸ ಹಂಚಿಹೋಗಿದೆ. ಮುಂಬೈನಲ್ಲಿ 2013ರಲ್ಲಿ ಸ್ಟೆಫಾನೊ ಫುನಾರಿ ಅನ್ನೋ ಇಟಲಿಯವರು 'ಐ ವಾಸ್ ಎ ಸಾರಿ' ಅಂತ ಶುರು ಮಾಡಿದರು. ಹೆಸರಲ್ಲೇ ಎಲ್ಲ ಇದೆ, ನಾನೊಂದು ಸೀರೆಯಾಗಿದ್ದೆ ಅಂತ. ಉಟ್ಟ ಸೀರೆಗಳನ್ನು ಹಳೇ ಬಟ್ಟೆ ವ್ಯಾಪಾರಿಗಳಿಂದ ಕೊಳ್ತಾರೆ, ಬಡ ಕುಟುಂಬದ ಹೆಂಗಸರು ಹೊಲೆಯುತ್ತಾರೆ, ಡಿಸೈನರ್‌ಗಳು ನಮೂನೆ ಕೊಡ್ತಾರೆ. ನಮೂನೆ ಒಂದೇ, ಬಟ್ಟೆ ಮಾತ್ರ ಪ್ರತಿಯೊಂದರಲ್ಲೂ ಬೇರೆ. ಇದೇ ಅಲ್ಲಿನ ಜಾಣತನ. ಆಮೇಲೆ ಇಟಲಿಯ ಗುಚ್ಚಿಯಂಥ ಕಂಪನಿ ಆ ಹೆಂಗಸರಿಗೆ ಕಸೂತಿ ಕಲಿಸೋಕೆ ಕೈಜೋಡಿಸಿತು. ಇನ್ನು ಚಿಲಿ ದೇಶದ ಅಟಕಾಮಾ ಮರುಭೂಮಿ ಇದೆಯಲ್ಲ, ಜಗತ್ತಿನ ಬೇಡದ ಬಟ್ಟೆ ಗುಡ್ಡೆ ಬಿದ್ದಿರುವ ಜಾಗ. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಪರಿಸರ ಕಾರ್ಯಕರ್ತರು ಬ್ರೆಜಿಲ್‌ನವರ ಜೊತೆ ಸೇರಿ ಆ ಕಸದ ನಡುವೆಯೇ ಫ್ಯಾಶನ್ ಶೋ ಮಾಡಿದರು, ಆ ಗುಡ್ಡೆಯಿಂದಲೇ ಹೆಕ್ಕಿದ ಬಟ್ಟೆಯಲ್ಲಿ. ಆ ದೃಶ್ಯವನ್ನು ನಾವೂ ಸುದ್ದಿಯಲ್ಲಿ ತೋರಿಸಿದ್ದೆವು. ತೋರಿಸಿದ ನಾನು ಅವತ್ತು ಹೊಚ್ಚಹೊಸ ಕೋಟಿನಲ್ಲಿದ್ದೆ.

ಆ ಮೆಸೇಜ್ ಬಂದ ಮೇಲೆ ಒಂದು ಹಟ ಹಿಡಿಯಿತು. ಗಣೇಶ ಹಬ್ಬಕ್ಕೆ ಊರಿಗೆ ಹೋದಾಗ ಅವ್ವನ ಹತ್ತಿರ ಹಳೇ ಸೀರೆ ಕೇಳಿದೆ. "ಯಾಕೋ ತಮ್ಮಾ, ಕಾರು ಒರಸಾಕ?" ಅಂದಳು. ಜಾಕೀಟು ಹೊಲಿಸಿ ಟಿವಿಯಲ್ಲಿ ಹಾಕ್ಕೊತೀನಿ ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಒಳಗೆ ಹೋಗಿ ಮೂರು ಇಳಕಲ್ ಸೀರೆ ತಂದಳು. ಮೈ ಸವೆದಿತ್ತು, ದಡಿ ಇನ್ನೂ ಗಟ್ಟಿ ಇತ್ತು.

ಬೆಂಗಳೂರಿನ ನನ್ನ ಟೈಲರ್ ನ್ಯೂಸ್ ಪೇಪರ್‌ನಲ್ಲಿ ತೋಳಿಲ್ಲದ ಜಾಕೀಟಿನ ಅಳತೆ ಕತ್ತರಿಸಿಕೊಟ್ಟರು. ಬಣ್ಣ ಯಾವುದರ ಪಕ್ಕ ಯಾವುದು ಅಂತ ನಮ್ಮ ಗ್ರಾಫಿಕ್ಸ್ ವಿಭಾಗದ ಹುಡುಗ ಕಂಪ್ಯೂಟರ್‌ನಲ್ಲಿ ಹೊಂದಿಸಿದ. ಊರಲ್ಲಿ ಕೌದಿ ಹೊಲೆಯುವ ಐದು ಹೆಂಗಸರಿದ್ದಾರೆ, ಅವ್ವನಿಗೆ ಪರಿಚಯ, ಅವರಿಗೆ ಒಪ್ಪಿಸಿದೆ. ಮೊದಲನೇದು ಬಂತು. ಹಾಕಿಕೊಂಡು ಟೈಲರ್ ಮುಂದೆ ನಿಂತೆ. "ಇದು ಜಾಕೆಟ್ ಅಲ್ಲ ಸಾರ್, ಹಾಸಿಗೆ" ಅಂದರು. ಅಭ್ಯಾಸ ಬಲ, ಆರು ಪದರ ಹಾಕಿದ್ದರು. ಎರಡು ಪದರಕ್ಕೆ ಇಳಿಸಿ, ಒಳಗೆ ಅಸ್ತರ್ ಕೊಟ್ಟು ಎರಡನೇದು ಮಾಡಿದರು. ಅದು ಕೂತಿತು ನೋಡಿ, ಅಳತೆ ತೆಗೆದು ಹೊಲಿಸಿದ ಯಾವ ಕೋಟೂ ಹಾಗೆ ಕೂತಿಲ್ಲ.

ಇನ್ನು ಹಣದ ಮಾತು. ನಾನು ನಗರದವರ ಧಾಟಿಯಲ್ಲಿ, ನಿಮ್ಮ ಕಲೆ ಹತ್ತು ಜನಕ್ಕೆ ಗೊತ್ತಾಗುತ್ತೆ, ಇದೊಂದು ಸೇವೆ ಅಂತ ಏನೋ ಶುರು ಮಾಡಿದೆ. ಜೊತೆಗೆ ಒಂದಕ್ಕೆ ಐನೂರು ಕೊಡ್ತೀನಿ ಅಂದೆ. ಅವರಲ್ಲಿ ಹಿರಿಯಳು ಸೂಜಿ ಪಕ್ಕಕ್ಕಿಟ್ಟಳು. "ಸೇವಾ ಅನಬ್ಯಾಡ ತಮ್ಮಾ, ಪಗಾರ ಅನ್ನು. ಇದಕ್ಕ ಇಬ್ಬರು ಮೂರು ದಿನ ಕುಂತೀವಿ. ನರೇಗಾದಾಗ ಕೆರಿ ಹೂಳು ಎತ್ತಿದ್ರ ದಿನಕ್ಕ ಮುನ್ನೂರ ನಲವತ್ತೊಂಬತ್ತು ಕೊಡ್ತಾರ. ಇಲ್ಲಿ ಕಣ್ಣು ಬ್ಯಾರೆ ಹೋಗ್ತಾವ."

ಲೆಕ್ಕ ಹಾಕಿದೆ. ಆರು ದಿನದ ಕೂಲಿ 349ರಂತೆ 2,094 ರೂಪಾಯಿ. ಟೈಲರ್‌ಗೆ 800, ಅಸ್ತರ್, ಗುಂಡಿಗೆ 300. ಒಟ್ಟು 3,194. ಸೀರೆ ಪುಕ್ಕಟೆ, ಅಂಗಡಿಯವನ ಲಾಭ ಸೊನ್ನೆ, ಆದರೂ ಇಷ್ಟು. ಆಫರ್ ಇದ್ದಾಗ ಮಾಲ್‌ನಲ್ಲಿ ಹೊಸ ಜಾಕೀಟು ಇದರ ಅರ್ಧಕ್ಕೆ ಸಿಗುತ್ತೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ನಾನು ಹಾಕದೇ ಹೋದ ಲೆಕ್ಕವನ್ನು ಆಕೆ ಕೂತಲ್ಲೇ ಹಾಕಿದ್ದಳು. ಈ ಬೆಲೆ ಇಳಿಸೋದು ಸುಲಭ, ಆಕೆಯ ದಿನಗಳನ್ನು ಎಣಿಸದಿದ್ದರೆ ಆಯ್ತು. ಹಾಗೆ ಇಳಿಸಿದ ದಿನ ಅದು ಬಟ್ಟೆಯನ್ನು ಮೇಲೇರಿಸಿ ಹೆಂಗಸರನ್ನು ಕೆಳಗಿಳಿಸುವ ವ್ಯಾಪಾರ. ಕೊಟ್ಟೆ, ಆಕೆ ಕೇಳಿದಷ್ಟೇ ಕೊಟ್ಟೆ.

ಹಾಕುವ ದಿನ ಬಂತು. ಸ್ಟುಡಿಯೋದಲ್ಲಿ ಕೂತೆ. ಪಿಸಿಆರ್‌ನಿಂದ ಕಿವಿಗೆ ಜೋರು ನಗು. ವಿಷಯ ಏನಪ್ಪಾ ಅಂದ್ರೆ, ನಮ್ಮ ಹಿಂದಿನ ಗೋಡೆ ಹಸಿರು. ಹಸಿರು ಕಂಡಲ್ಲೆಲ್ಲ ಕಂಪ್ಯೂಟರ್ ಗ್ರಾಫಿಕ್ಸ್ ತುಂಬುತ್ತೆ. ಅವ್ವನ ಒಂದು ಸೀರೆ ಗಿಳಿಹಸಿರು. ಎದೆ ಮೇಲಿನ ಮೂರು ತುಂಡು ಮಾಯವಾಗಿ, ಅಲ್ಲಿ ವಿಧಾನಸೌಧ ಕಾಣ್ತಿತ್ತು. ದಿನಾ ಅದೇ ಕೆಲಸ ಮಾಡುವ ಗ್ರಾಫಿಕ್ಸ್ ಹುಡುಗನೇ ಮರೆತಿದ್ದ! ಕೊನೆಗೆ ಎದ್ದು ನ್ಯೂಸ್‌ರೂಮಿನ ಮೇಜಿನ ಮುಂದೆ ಕೂತು ಅವತ್ತಿನ ಬುಲೆಟಿನ್ ಓದಿದೆ.

'ವಸ್ತ್ರವಿನ್ಯಾಸ' ಅಂತ ಐವರ ಹೆಸರು ಹಾಕಿಸಬೇಕು ಅಂದಾಗ ಮಾರ್ಕೆಟಿಂಗ್‌ನವರು ಆ ಜಾಗ ಮಾರಾಟವಾಗಿದೆ ಅಂದರು. ವಾದ ಮಾಡಿ ನಾಲ್ಕು ಸೆಕೆಂಡ್ ಗಿಟ್ಟಿಸಿದೆ. ಐದು ಹೆಸರು, ಊರಿನ ಹೆಸರು. ಊರಲ್ಲಿ ಆ ನಾಲ್ಕು ಸೆಕೆಂಡನ್ನು ಮೊಬೈಲ್‌ನಲ್ಲಿ ಫೋಟೋ ಹಿಡಿದು ಇಟ್ಟುಕೊಂಡಿದ್ದಾರೆ.

ಅವತ್ತು ರಾತ್ರಿ ಅರವತ್ತಕ್ಕೂ ಹೆಚ್ಚು ಮಂದಿ ಎಲ್ಲಿ ಸಿಗುತ್ತೆ ಅಂತ ಕೇಳಿದರು. ಬೆಲೆ ಹೇಳಿದ ಮೇಲೆ ಉಳಿದವರು ಒಂಬತ್ತು. ಒಂಬತ್ತು ಕಡಿಮೆಯಾ? ಆ ಐವರು ಹೊಲದ ಕೆಲಸದ ನಡುವೆ ತಿಂಗಳಿಗೆ ನಾಲ್ಕು ಮಾಡಿದರೆ ಹೆಚ್ಚು. ಎರಡು ತಿಂಗಳ ಮೇಲೆ ಕೆಲಸ ಆಯ್ತು. ಹೆಂಗಸರು ಕೊಂಡವರಿಗೆ ಒಂದೇ ಷರತ್ತು ಹಾಕಿದರು, ಸೀರೆ ನಿಮ್ಮ ಮನೆಯದೇ ಆಗಬೇಕು. ಹಾಗಾದ ಮೇಲೆ ಇನ್ನೊಬ್ಬರ ಹಳೇ ಬಟ್ಟೆ ಅನ್ನೋ ಮುಜುಗರ ಎಲ್ಲಿಂದ ಬರುತ್ತೆ? ನನಗೆ ಹೊಳೆಯದ ದಾರಿ ಅದು.

ಆ ಒಂಬತ್ತರಲ್ಲಿ ಒಬ್ಬರು ದಾವಣಗೆರೆಯವರು. ತೀರಿಹೋದ ತಾಯಿಯ ಸೀರೆ ಕಳಿಸಿದ್ದರು. ಜೊತೆಗೊಂದು ಚೀಟಿ, 'ಸೆರಗು ಕತ್ತರಿಸಬೇಡಿ'. ಸೆರಗು ಕತ್ತರಿಸದೆ ಜಾಕೀಟು ಹೇಗೆ ಅಂತ ನಾನು, ಟೈಲರ್ ಇಬ್ಬರೂ ತಲೆ ಕೆಡಿಸಿಕೊಂಡೆವು. ವಾರ ಬಿಟ್ಟು ಊರಿಂದ ಫೋನ್ ಬಂತು, ಅದೇ ಹಿರಿಯಳು.

"ತಮ್ಮಾ, ಸೆರಗು ಹಂಗ ಐತಿ. ಮಡಚಿ ಒಳಗ ಅಸ್ತರ್ ಮಾಡೇವಿ, ಮ್ಯಾಲಿಂದ ಮ್ಯಾಲೆ ಟಾಕಿ ಹಾಕೇವಿ. ಬೇಕಂದಾಗ ಬಿಚ್ಚಿಕೋ ಅಂತ ಹೇಳು ಅವರಿಗೆ. ಮತ್ತ ಅವರು ಟಿವಿಯವರೇನ? ಸೀರಿ ಹಸರ ಐತಿ."